ತೊಲೆಯ ಮುಂದಿನರ್ಧ

ಈ ಫೈಬರ್ ದೋಣಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನು ಒಂದು ದಿನವಾದರೂ ಅದರ ಹೊಟ್ಟೆಯೊಳಗೆ ಮಂಡಿಯೂರಿ ಕೆಲಸ ಮಾಡಿರಲಿಕ್ಕಿಲ್ಲ. ಮೇಸ್ತ್ರಿ ಒಂಬತ್ತು ದಿನದಿಂದ ಆ ಹೊಟ್ಟೆಯೊಳಗೇ ಇದ್ದ. ಮೈತುಂಬ ಫೈಬರ್ ಕೊಯ್ದಾಗ ಏಳುವ ಗಾಜಿನ ಧೂಳು. ತುರಿಸಿದರೆ ಉರಿ, ತುರಿಸದಿದ್ದರೆ ಹುಚ್ಚು. ಅರವತ್ತು ದಾಟಿದ ಸೊಂಟವಂತೂ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ ಎಂದು ಹಟ ಹಿಡಿದಿತ್ತು. ಸಾಕಪ್ಪಾ ಸಾಕು ಎಂದು ಅವನು ದಿನಕ್ಕೆ ಇಪ್ಪತ್ತು ಸಲ ಹೇಳಿಕೊಳ್ಳುತ್ತಿದ್ದ.

ದೋಣಿಗೆ ಇಪ್ಪತ್ತೈದು ವರ್ಷ. ಹೊರಗಿನಿಂದ ನೋಡಿದರೆ ಮದುವೆಗೆ ಹೊರಟವರ ಹಾಗೆ ಮಿರಮಿರ ಮಿಂಚುತ್ತದೆ, ಒಳಗಿನ ಕಥೆಯೇ ಬೇರೆ. ಇಂಥ ದೋಣಿಯ ನೆಲಹಲಗೆಯ ಕೆಳಗೆ ಹಿಂದಿನಿಂದ ಮುಂದಿನವರೆಗೆ ಎರಡು ಮರದ ತೊಲೆಗಳು ಉದ್ದಕ್ಕೆ ಮಲಗಿರುತ್ತವೆ. ಎಂಜಿನ್ನಿನ ಭಾರ, ಅಲೆಯ ಹೊಡೆತ ಎಲ್ಲ ಅವುಗಳ ಮೇಲೆಯೇ. ಮೇಲೆ ಫೈಬರ್ ಸುತ್ತಿರುವುದರಿಂದ ಒಳಗೆ ಮರ ಕೊಳೆತರೂ ಕಣ್ಣಿಗೆ ಕಾಣದು. ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಥಪ್ ಎನ್ನುತ್ತದೆ.

ಈ ದೋಣಿಯ ತೊಲೆಗಳ ಹಿಂದಿನರ್ಧ ಕಾಲಿಟ್ಟರೆ ಕುಸಿಯುತ್ತಿತ್ತು, ಅದಕ್ಕೆ ಕಿವಿಯೇ ಬೇಕಿರಲಿಲ್ಲ. ಕೊಯ್ದು ತೆರೆದರೆ ಕುದಿಸಿ ಬಿಟ್ಟ ಚಹಾಪುಡಿಯಂತೆ ಮರ ಮುಷ್ಟಿಗೆ ಬಂತು. ಅದನ್ನೆಲ್ಲ ಕೆರೆದು ತೆಗೆದದ್ದಾಗಿತ್ತು, ಹೊಸ ಮರವೂ ಅಳತೆಗೆ ಸಿದ್ಧವಾಗಿತ್ತು. ಮುಂದಿನರ್ಧ ಗಟ್ಟಿಯಿದೆ ಎಂದು ಮೇಸ್ತ್ರಿ ಮೊದಲ ದಿನವೇ ಬಡಿದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಇವತ್ತು ಹೊಸದನ್ನು ಹಳೆಯದಕ್ಕೆ ಜೋಡಿಸಿ, ಫೈಬರ್ ಬಟ್ಟೆ ಹೊದಿಸಿ, ರೆಸಿನ್ ಅಂಟು ಬಳಿದುಬಿಟ್ಟರೆ ಮುಗಿಯಿತು. ದೋಣಿಯ ಯಜಮಾನ ಬೆಳಗ್ಗೆಯೇ ಬಂದು, ನಾಳಿದ್ದು ನೀರಿಗಿಳಿಸಲೇಬೇಕೆಂದು ತಲೆ ತಿಂದು ಹೋಗಿದ್ದ. ಎಲ್ಲರೂ ಅವನನ್ನು ಅವಸರದಪ್ಪ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತಾಗಲೂ ಒಂದು ಕಾಲಲ್ಲಿ ಚಪ್ಪಲಿ ಇರುತ್ತದಂತೆ.

ಶೆಡ್ಡಿನ ಬಾಗಿಲ ಬಳಿ ಹೆಂಡತಿ ಕಾಲು ಚಾಚಿ ಕೂತು ಫೈಬರ್ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತಿದ್ದಳು. ಮದುವೆಯಾದಾಗಿನಿಂದ ಆ ಕೆಲಸ ಅವಳದೇ. ಗಂಡನ ಕೈಗೆ ಕತ್ತರಿ ಕೊಟ್ಟರೆ ಬಟ್ಟೆಯ ಗತಿ ದೇವರಿಗೇ ಪ್ರೀತಿ ಎಂಬುದು ಅವಳ ಅಭಿಪ್ರಾಯ.

ಜೋಡಣೆ ಎಲ್ಲಿಂದ ಶುರು ಮಾಡುವುದೆಂದು ನೋಡಲು ಮೇಸ್ತ್ರಿ ಮುಂದಿನರ್ಧವನ್ನು ಇನ್ನೊಮ್ಮೆ ಬಡಿಯುತ್ತ ಹೋದ. ಕತ್ತರಿ ನಿಂತಿತು. ಹೆಂಡತಿ ಎದ್ದು ದೋಣಿಯ ಅಂಚಿಗೆ ಬಂದು ನಿಂತದ್ದು ಅವನಿಗೆ ತಿಳಿದದ್ದು ಅವಳ ನೆರಳು ಕೈಮೇಲೆ ಬಿದ್ದಾಗ.

"ರೀ, ಅದೂ ಕೊಳೆತಿದೆ," ಎಂದಳು. "ಹೋದ ವಾರ ಕಿತ್ತು ಹಾಕಿದ್ರಲ್ಲ, ಅದರ ಸದ್ದೇ ಇದಕ್ಕೂ ಬರ್ತಿದೆ."

ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೂವತ್ತೈದು ವರ್ಷ ಈ ಕೆಲಸ ಮಾಡಿದವನು ತಾನೋ ಅವಳೋ ಎಂದು ಕೇಳಿದ. ನಾಳೆಯಿಂದ ಅವಳೇ ಮೇಸ್ತ್ರಿಯಾಗಲಿ, ತಾನು ಮನೆಯಲ್ಲಿ ಕೂತು ಪಾತ್ರೆ ತೊಳೆಯುತ್ತೇನೆ ಎಂದ. ಅವಳು ಅಲ್ಲಿಂದ ಕದಲಲಿಲ್ಲ. ಇವಳ ಬಾಯಿ ಮುಚ್ಚಿಸೋಣವೆಂದೇ ಅವನು ಡ್ರಿಲ್ ತೆಗೆದುಕೊಂಡು ತೊಲೆಗೆ ಸಣ್ಣದೊಂದು ತೂತು ಕೊರೆದ. ಗಟ್ಟಿ ಮರವಾದರೆ ಒಣ ಪುಡಿ ಉದುರಬೇಕು. ಬಂದದ್ದು ಕಪ್ಪು ಕೆಸರು, ಅದರ ಹಿಂದೆಯೇ ನೀರು. ಒಂದು ಮೊಳ ಮುಂದೆ ಕೊರೆದ, ಅಲ್ಲೂ ಅದೇ. ಇನ್ನೊಂದು ಮೊಳ ಮುಂದೆ, ಮತ್ತೆ ಅದೇ.

ಅವನು ಡ್ರಿಲ್ ಕೆಳಗಿಟ್ಟು ಅಲ್ಲೇ ಕೂತ. ಗೊತ್ತಿರಲಿಲ್ಲವೆಂದು ಯಾರ ಮುಂದೆ ಹೇಳಿದರೂ ತನ್ನ ಮುಂದೆ ಹೇಳಿಕೊಳ್ಳುವಂತಿರಲಿಲ್ಲ. ಅವನ ಕಿವಿಗೆ ಟಣ್ ಮತ್ತು ಥಪ್ ಎರಡೂ ಒಂದೇ ಆಗಿ ಎರಡು ವರ್ಷವಾಗಿತ್ತು. ಗೊತ್ತಾಗದ ಕಡೆ ಅಂದಾಜಿಗೆ ಬಿಡುತ್ತಿದ್ದ. ಅಂದಾಜು ಯಾವಾಗಲೂ ಸೊಂಟದ ಪರವಾಗಿಯೇ ಇರುತ್ತಿತ್ತು, ಗಟ್ಟಿ ಎಂದುಬಿಟ್ಟರೆ ಅಷ್ಟು ಕೊಯ್ಯುವುದು ತಪ್ಪುತ್ತದಲ್ಲ.

ಅವಸರದಪ್ಪನಿಗೆ ಇನ್ನೂ ಹತ್ತು ದಿನ ಬೇಕೆಂದು ತಾನೇ ಹೇಳುತ್ತೇನೆ, ಅವನೇನು ನಮ್ಮನ್ನು ನುಂಗುವುದಿಲ್ಲ ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದಳು. ಮೇಸ್ತ್ರಿಯ ಗಮನ ಅಲ್ಲಿರಲಿಲ್ಲ. ಈ ಎರಡು ವರ್ಷದಲ್ಲಿ ತಾನು ಬಡಿದು ನೋಡಿ ಗಟ್ಟಿ ಎಂದ ದೋಣಿಗಳನ್ನು ಅವನು ಬೆರಳು ಮಡಿಸಿ ಎಣಿಸುತ್ತಿದ್ದ. ಒಂದನ್ನು ಅದರ ಯಜಮಾನ ಆಗಲೇ ಗುಜರಿಗೆಂದು ಒಡೆದು ಹಾಕಿದ್ದ. ಇನ್ನೊಂದು ಬಳಕೆಯಿಲ್ಲದೆ ದಡದಲ್ಲಿ ಕವುಚಿ ಬಿದ್ದಿತ್ತು. ಮೂರನೆಯದು ಅಳಿಯನದು. ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ, ಒಂದು ಸಲಕ್ಕೆ ಹನ್ನೆರಡು ಜನ. ಹತ್ತು ವರ್ಷ ಯೋಚನೆಯಿಲ್ಲ ಎಂದು ಮಾವ ಹೇಳಿದ ಮಾತು ನಂಬಿ ಅಳಿಯ ಹೋದ ವರ್ಷ ಅದಕ್ಕೆ ದೊಡ್ಡ ಎಂಜಿನ್ ಕೂರಿಸಿದ್ದ. ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ.

"ಅಳಿಯಂಗೆ ಫೋನ್ ಮಾಡು. ದೋಣಿ ಬಿಡಬೇಡ ಅಂತ ಹೇಳು."

ಅವನ ಮುಖ ನೋಡಿ ಅವಳು ತಕ್ಷಣ ಫೋನ್ ಮಾಡಿದಳು. ಮಧ್ಯಾಹ್ನದ ಸರದಿಗೆ ಜನ ಆಗಲೇ ಹತ್ತಿ ಕೂತಿದ್ದರಂತೆ. ಕಾರಣ ಹೇಳದೆ ಇಳಿಸಿದರೆ ಜನ ಸುಮ್ಮನಿರುತ್ತಾರೆಯೇ ಎಂದು ಅಳಿಯ ಕೇಳುತ್ತಿದ್ದ. ಅವಳು ಫೋನಿಗೆ ಕೈ ಅಡ್ಡ ಹಿಡಿದು, ಗಾಳಿ ಜಾಸ್ತಿಯಿದೆ ಎಂದು ಹೇಳಲೇ ಎಂದು ಗಂಡನನ್ನು ಕೇಳಿದಳು. ಅಷ್ಟು ಹೇಳಿದ್ದರೆ ಇವತ್ತಿನ ಮಟ್ಟಿಗೆ ಮಾನ ಉಳಿಯುತ್ತಿತ್ತು.

"ಬೇಡ," ಎಂದ ಮೇಸ್ತ್ರಿ. "ಮಾವಂಗೆ ಕಿವಿ ಕೇಳಿಸಲ್ಲ ಅಂತ ಹೇಳು. ಹೋದ ವರ್ಷವೂ ಕೇಳಿಸ್ತಿರಲಿಲ್ಲ ಅಂತ ಹೇಳು."

ಅವಳು ಹಾಗೆಯೇ ಹೇಳಿದಳು. ಅಳಿಯ ಏನೆಂದನೋ ಮೇಸ್ತ್ರಿಗೆ ಕೇಳಿಸಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ಕೂತ. ಬಹಳ ಹೊತ್ತಾದ ಮೇಲೆ ಅವಳು ಫೋನ್ ಕೆಳಗಿಳಿಸಿ ಮೆಲ್ಲಗೆ ಏನೋ ಹೇಳಿದಳು.

"ಏನಂದೆ?" ಎಂದ. ಎರಡು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು.

"ಇಳೀತಿದಾರಂತೆ," ಎಂದು ಅವಳು ಜೋರಾಗಿ ಹೇಳಿದಳು. "ಒಬ್ಬೊಬ್ಬರೇ ಇಳೀತಿದಾರಂತೆ."