ಮೂವತ್ತೊಂದು ಖಾಲಿ ಗುಳ್ಳೆಗಳು

ನಮ್ಮ ಚಿತ್ರಕಥೆಗಳ, ಅಂದರೆ ಕಾಮಿಕ್ಸ್‌ಗಳ, ಹಬ್ಬಕ್ಕೆ ಈ ಸಲ ಹತ್ತು ವರ್ಷ. ಅದರ ನೆನಪಿನ ಪುಸ್ತಿಕೆಯಲ್ಲಿ 'ನಿಲ್ಲಿಸಿದ ಪ್ರಶಸ್ತಿಗಳು' ಎಂಬ ಪುಟ ಬರೆಯುವ ಕೆಲಸ ಸಂಘದ ಕಾರ್ಯದರ್ಶಿಯಾದ ನನಗೆ ಬಂತು. ಒಂದೊಂದಕ್ಕೂ ಒಂದು ಸಾಲಿನ ಕಾರಣ ಸಾಕು ಎಂದಿದ್ದರು ಅಧ್ಯಕ್ಷರಾದ ಕೆಂಪನಂಜಪ್ಪ ಮೇಷ್ಟ್ರು. ಮೊದಲನೆಯದು ಒಳ್ಳೆಯ ಮುಖಪುಟಕ್ಕೆ. ಅದನ್ನು ಕೊಡುತ್ತಿದ್ದ ಅಂಗಡಿಯವರು ಕೊಳ್ಳೇಗಾಲ ಬಿಟ್ಟುಹೋದರು. ಎರಡನೆಯದು ಜೋಡಿ ಕಲಾವಿದರಿಗೆ. ಗೆದ್ದ ಜೋಡಿಗಳೆಲ್ಲ ಜಗಳವಾಡಿಕೊಂಡದ್ದರಿಂದ ಕೈಬಿಟ್ಟೆವು. ಮೂರನೆಯದು 'ಮಾತಿಲ್ಲದ ಕಥೆ'. ಅದರ ಮುಂದೆ 'ಯೋಗ್ಯ ಕಥೆಗಳು ಬಾರದ ಕಾರಣ' ಎಂದು ಬರೆದೆ. ಬರೆದು, ಪೆನ್ನಿನ ಮುಚ್ಚಳ ಹಾಕಿ, ಬಹಳ ಹೊತ್ತು ಆ ಸಾಲನ್ನೇ ನೋಡುತ್ತ ಕುಳಿತೆ. ಅಕ್ಷರ ಚೆನ್ನಾಗಿತ್ತು. ನನ್ನ ಅಕ್ಷರ ಯಾವಾಗಲೂ ಚೆನ್ನಾಗಿರುತ್ತದೆ.

ಕೇಡಾದದ್ದು ಅದರಿಂದಲೇ.

ನಮ್ಮಲ್ಲಿಗೆ ಕಥೆ ಕಳಿಸುವವರು ಮಧುವನಹಳ್ಳಿಯವರು, ಕುಂತೂರಿನವರು, ರಾಮಾಪುರದವರು. ಚಿತ್ರ ಬರೆಯುತ್ತಾರೆ, ಅಕ್ಷರಕ್ಕೆ ಅಂಜುತ್ತಾರೆ. ಹಾಗಾಗಿ ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು, ಮಾತುಗಳನ್ನು ಬೇರೆ ಚೀಟಿಯಲ್ಲಿ ಗೀಚಿ ಕಳಿಸುವುದು ರೂಢಿ. ಗುಳ್ಳೆಯೊಳಗೆ ಅವನ್ನು ಇಂಡಿಯನ್ ಇಂಕಿನಲ್ಲಿ ತುಂಬುವವನು ನಾನು. ಹಬ್ಬದ ಗೋಡೆಯ ಮೇಲಿನ ರಾಜ, ನರಿ, ಪೊಲೀಸು, ಅತ್ತೆ ಎಲ್ಲರೂ ನನ್ನ ಕೈಬರಹದಲ್ಲೇ ಮಾತಾಡುತ್ತಿದ್ದರು. ಅದರ ಬಗ್ಗೆ ನನಗೆ ಜಂಬವಿತ್ತು.

ಮೂರು ವರ್ಷದ ಹಿಂದೆ ಹಬ್ಬ ಹನೂರಿನಲ್ಲಿ ನಡೆದಾಗ, ಬಂದ ಲಕೋಟೆಗಳನ್ನೆಲ್ಲ ಒಟ್ಟಿಗೆ ಒಡೆದು ಹಾಳೆಗಳನ್ನು ರಾಶಿ ಹಾಕಿದ್ದೆ. ಅದರಲ್ಲಿ ಎಂಟು ಪುಟಗಳ ಒಂದು ಕಥೆ. ಒಬ್ಬ ಮುದುಕಿ, ಅವಳೊಂದಿಗೆ ಮಾತಾಡುವ ಹತ್ತಾರು ಜನ, ಮೂವತ್ತೊಂದು ಖಾಲಿ ಗುಳ್ಳೆ. ಚೀಟಿ ಸಿಗಲಿಲ್ಲ. ಅದರ ಹಿಂದಿನ ವಾರವಷ್ಟೇ ರಾಮಾಪುರದವರೊಬ್ಬರ ಚೀಟಿ ಕಳೆದು ಮೇಷ್ಟ್ರ ಕೈಲಿ ಬೈಸಿಕೊಂಡಿದ್ದೆ. ಇದನ್ನೂ ಕಳೆದೆ ಎಂದು ಹೇಳಲು ಬಾಯಿ ಬರಲಿಲ್ಲ. ಮೂವತ್ತೊಂದು ಮಾತುಗಳನ್ನು ನಾನೇ ಹುಟ್ಟಿಸಿ ತುಂಬಿದೆ.

ತೀರ್ಪು ಬಂದ ಮೇಲೆ ಮೇಜಿನ ಕೆಳಗೆ ಅರ್ಜಿ ಸಿಕ್ಕಿತು. ಹೆಸರು ಮಂಗಳ. ಬಿಳಿಗಿರಿರಂಗನ ಬೆಟ್ಟದ ಪೋಡು, ಅಂದರೆ ಕಾಡಿನೊಳಗಿನ ಹಟ್ಟಿ; ಯಳಂದೂರು ತಾಲ್ಲೂಕು. ವಿಭಾಗ: ಮಾತಿಲ್ಲದ ಕಥೆ. ಲಕೋಟೆಗಳ ಮೇಲಿನ ಹೆಸರು, ವಿಭಾಗ ನೋಡಿ ಮೇಷ್ಟ್ರು ಮೊದಲೇ ಮಾಡಿದ್ದ ಪಟ್ಟಿಯಲ್ಲಿ ಆ ವಿಭಾಗಕ್ಕಿದ್ದುದು ಅದೊಂದೇ ಕಥೆ. ತೀರ್ಪುಗಾರರು ಬರೆದಿದ್ದರು: 'ಪುಟದ ತುಂಬ ಮಾತು. ಇಲ್ಲಿಯವರಿಗೆ ಈ ಪ್ರಕಾರ ಅರ್ಥವಾಗಿಲ್ಲ.' ಆ ವರ್ಷವೇ ಪ್ರಶಸ್ತಿ ನಿಂತಿತು. ನಾನು ಅರ್ಜಿಯನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

ಹಬ್ಬದ ದಿನ ಅವಳು ಬಂದಿದ್ದಳು. ತನ್ನ ಪುಟಗಳ ಮುಂದೆ ಬಹಳ ಹೊತ್ತು ನಿಂತು, ಯಾರನ್ನೂ ಏನೂ ಕೇಳದೆ ಹೊರಟುಹೋದಳು. ಆಮೇಲೆ ಅವಳಿಂದ ಕಥೆ ಬರಲಿಲ್ಲ.

"ಏನ್ಲಾ ಪುಟ್ಟಸಿದ್ದಯ್ಯ, ಒಂದ್ ಪುಟ ಬರ್ಯಕ್ಕೆ ಮೂರ್ ದಿನ್ವಾ? ಎಂ.ಎ. ಮಾಡ್ದೋರ್ಗೆ ಕೆಲ್ಸ ಕೊಟ್ರೆ ಇಷ್ಟೇಯ," ಎಂದರು ಮೇಷ್ಟ್ರು ಫೋನಿನಲ್ಲಿ.

"ಮೂರನೇ ಸಾಲು ಸರಿಯಿಲ್ಲ ಸಾ."

"ಸರಿ ಇಲ್ದೆ ಏನು? ಸರಿಯಾದ್ದು ಯಾರೂ ಕಳ್ಸ್ನಿಲ್ಲ, ನಿಲ್ಸುದ್ವಿ."

"ನಾಳೆ ಕೊಡ್ತೀನಿ ಸಾ," ಎಂದೆ. ಸಂಘದ ಟ್ರಂಕಿನಿಂದ ಆ ಎಂಟು ಪುಟಗಳನ್ನು ತೆಗೆದುಕೊಂಡು ಬೆಳಿಗ್ಗೆ ಯಳಂದೂರಿನ ಬಸ್ಸು ಹತ್ತಿದೆ.

ಬೆಟ್ಟದ ಪೋಡಿನಲ್ಲಿ ಮಂಗಳ ಮನೆಮುಂದೆ ಚಾಪೆಯ ಮೇಲೆ ನೆಲ್ಲಿಕಾಯಿ ಹರವುತ್ತಿದ್ದಳು. ಜಗಲಿಯ ಮೇಲೆ ಅವಳ ಅಜ್ಜಿ ಮಾದೇವಮ್ಮ. ನಾನು ಹೆಸರು ಹೇಳುವ ಮೊದಲೇ ಮಂಗಳ ಎದ್ದು ನಿಂತಳು.

"ನೀವು ಅಕ್ಷರದೋರಲ್ವಾ ಸಾ? ಹನೂರ್ನಲ್ಲಿ ನೋಡಿದ್ದೆ. ಟೀ ಅಂಗ್ಡಿ ಇಂದ್ಗಡೆ ನಿಂತಿದ್ರಿ."

ನಿಂತಿದ್ದೆ. ಅವಳು ಹೋಗುವವರೆಗೂ ಅಲ್ಲೇ ನಿಂತಿದ್ದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಉದುರಿಹೋದವು. ಚೀಟಿ ಕಳೆಯಿತೆಂದು ಹೆದರಿದ್ದು, ನಾನೇ ಬರೆದದ್ದು, ಅರ್ಜಿ ಮುಚ್ಚಿಟ್ಟದ್ದು, ಎಲ್ಲವನ್ನೂ ನೆಲ್ಲಿಕಾಯಿ ನೋಡುತ್ತ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಪುಟಗಳನ್ನು ಈಸಿಕೊಂಡಳು.

"ನಮ್ಮಜ್ಜಿಗೆ ಕಿವಿ ಕೇಳಲ್ಲ. ಎಲ್ರೂ ಬಾಯಾಡುಸ್ತಾರೆ, ಅವ್ಳಿಗೆ ಗುಳ್ಳೆ ಖಾಲಿ. ಅದು ಚಿತ್ರದಲ್ಲೇ ಐತಲ್ಲ ಸಾ. ನಿಮ್ಗೆ ಕಾಣ್ನಿಲ್ವಾ?"

"ನಾನು ಚಿತ್ರ ನೋಡಲಿಲ್ಲ. ಗುಳ್ಳೆ ಮಾತ್ರ ನೋಡಿದೆ."

ಅವಳು ಮೂರನೇ ಪುಟ ತಿರುವಿ ಜೋರಾಗಿ ಓದಿದಳು. "'ವನದೇವಿಯಂಥ ತಾಯೇ, ನಿನಗೆ ಶರಣು.' ಯಾರ್ ಸಾ ಇಂಗ್ ಮಾತಾಡದು? ಇವ್ನು ರೇಷನ್ ಅಂಗ್ಡಿಯವ್ನು! ಎಬ್ಬೆಟ್ಟು ಒತ್ತು ಅಂತಾವ್ನೆ." ಅವಳಿಗೆ ನಗು ಬಂತು. ಆ ನಗು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ನಗು ನಿಂತ ಮೇಲೆ ಹೇಳಿದಳು: "ನಂಗೇ ತಿಳೀನಿಲ್ಲ ಅಂದ್ಕಂಡೆ ಕಣ್ರಿ. ದೊಡ್ಡೋರು ತಿದ್ದವ್ರೆ, ಗುಳ್ಳೆ ಅಂದ್ರೆ ಮಾತಿರ್ಲೇಬೇಕೇನೋ ಅಂತ. ಆಮೇಕೆ ಬರ್ಯದ್ನೇ ಬುಟ್ಬುಟ್ಟೆ."

ಕ್ಷಮಿಸಿ ಎಂದೆ. ಅವಳು ಒಳಗೆ ಹೋಗಿ ಬಿಳಿ ಹಾಳೆ, ಕತ್ತರಿ, ಅಂಟು ತಂದು ನನ್ನ ಮುಂದಿಟ್ಟಳು.

"ಕೂತ್ಕಳಿ. ಮುಚ್ಚಿ."

ಗುಳ್ಳೆಗೆ ಸರಿಯಾಗಿ ಕಾಗದ ಕತ್ತರಿಸಿ ಅಂಟಿಸುತ್ತ ಕುಳಿತೆ. ಒಂದೊಂದನ್ನು ಮುಚ್ಚುವ ಮೊದಲೂ ನನ್ನ ಮಾತನ್ನು ನಾನು ಓದಬೇಕಾಗುತ್ತಿತ್ತು. ಮಾದೇವಮ್ಮ ಪಕ್ಕಕ್ಕೆ ಸರಿದು ಬಂದು ನನ್ನ ಕೈಯನ್ನೇ ನೋಡಿತು.

"ಏನಪ್ಪಾ ಮಾಡ್ತಿದ್ದೀಯೆ?"

ಬಾಯಿ ತೆರೆದೆ. ಆ ಅಜ್ಜಿ ನನ್ನ ತುಟಿಯನ್ನು ನೋಡುತ್ತ ಕಾಯುತ್ತಿತ್ತು. ಏನು ಹೇಳಿದರೂ ಅದಕ್ಕೆ ತಲುಪುತ್ತಿರಲಿಲ್ಲ; ಆದರೂ ಹೇಳಲಾರದೆ ತಲೆ ತಗ್ಗಿಸಿದೆ. ಅಜ್ಜಿ ಬಗ್ಗಿ, ನಾನು ಅಂಟಿಸಿದ ತುಂಡುಗಳ ಅಂಚನ್ನು ಹೆಬ್ಬೆರಳಿನಿಂದ ಒತ್ತತೊಡಗಿತು. ಮೂವತ್ತೊಂದೂ ಮುಗಿದವು. ಮಂಗಳ ಒಂದು ಪುಟವನ್ನು ಬಿಸಿಲಿಗೆ ಹಿಡಿದಳು. ಬಿಳಿಯ ಹಿಂದೆ ನನ್ನ ಅಕ್ಷರ ಮಸುಕಾಗಿ ಕಾಣುತ್ತಿತ್ತು.

"ಇನ್ನೊಂದು ಪದರ ಅಂಟಿಸ್ಲಾ?"

"ಬೇಡ ಬುಡಿ. ಇರ್ಲಿ."

"ಪುಸ್ತಿಕೆಯಲ್ಲಿ ನಿಜ ಬರೀತೀನಿ. ನಿಮ್ಮ ಹೆಸರು ಹಾಕಿ..."

"ನನ್ನೆಸ್ರು ಯಾಕೆ ಸಾ? ತಪ್ಪು ನಂದಾ? ನಿಮ್ಮೆಸ್ರು ಆಕಿ," ಎಂದಳು. ಪುಟಗಳನ್ನು ತಾನೇ ಇಟ್ಟುಕೊಂಡಳು.

ವಾಪಸು ಬರುವಾಗ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆಮೆಯಂತೆ ತೆವಳುತ್ತಿತ್ತು. ತೊಡೆಯ ಮೇಲೆ ಪುಸ್ತಿಕೆಯ ಪುಟವಿಟ್ಟುಕೊಂಡು ಮೂರನೇ ಸಾಲನ್ನು ಹೊಡೆದು ಹಾಕಿ ಬೇರೆ ಬರೆದೆ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಇದ್ನ ಅಚ್ಚಾಕ್ಸುದ್ರೆ ನಿನ್ ಮಾನ ಓಯ್ತದೆ ಕಣ್ಲಾ. ನಮ್ದೂವೆ."

ನಾನು ಹಾಳೆಗೆ ಕೈಚಾಚದೆ ನಿಂತೆ. ಅವರು ನನ್ನ ಮುಖ ನೋಡಿದರು, ಗೋಡೆ ನೋಡಿದರು, ಕೊನೆಗೆ ಹಾಳೆಯನ್ನು ನನ್ನ ಕೈಗೇ ಕೊಟ್ಟರು.

"ಪ್ರೆಸ್ಸಿಗೆ ನೀನೇ ತಕಂಡೋಗು. ನನ್ ಕೈಲಾಗಲ್ಲ."

ತೆಗೆದುಕೊಂಡು ಹೋದೆ. ಅದರಲ್ಲಿ ಹೀಗಿದೆ: 'ಮಾತಿಲ್ಲದ ಕಥೆ: ಬಂದಿದ್ದ ಒಂದೇ ಕಥೆಗೆ ಮಾತು ಬರೆದು ಕೆಡಿಸಿ, ಅದನ್ನು ನಾನು ಮುಚ್ಚಿಟ್ಟ ಕಾರಣ. ಪುಟ್ಟಸಿದ್ದಯ್ಯ, ಕಾರ್ಯದರ್ಶಿ.'