ರತ್ನಮ್ಮನ ಬಾಯಿಗೆ ಬಂದ ಕನಸು

ಅಭಿಷೇಕನ ಮನೆಯವರಿಗೆ ಜಾತಕ ಬೇಡ, ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಚಾಳಿಯೂ ಇಲ್ಲ. ಅವರಿಗೆ ಬೇಕಾದದ್ದು ಒಂದು ನಿದ್ದೆ. ಮನೆಯ ಹಿರಿಯ ಹೆಂಗಸು ಹುಡುಗಿಯ ಮನೆಗೆ ಬಂದು, ಮಧ್ಯಾಹ್ನದ ಊಟ ಮುಗಿಸಿ, ಅಲ್ಲೇ ಕಾಲು ಚಾಚಿ ಮಲಗಬೇಕು. ಆ ನಿದ್ದೆಯಲ್ಲಿ ಬಿದ್ದ ಕನಸು ಒಳ್ಳೆಯದಾದರೆ ಮದುವೆ. ಕೆಟ್ಟದಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವುದು. ತಿಪಟೂರಿನ ಕಡೆಯಿಂದ ದೆಹಲಿಗೆ ಬಂದು ಮೂವತ್ತು ವರ್ಷವಾಗಿ, ಅಲ್ಲಿನ ದ್ವಾರಕೆ ಬಡಾವಣೆಯ ಏಳನೇ ಮಹಡಿಯಲ್ಲಿ ಫ್ಲಾಟು ಕೊಂಡರೂ ಈ ಪದ್ಧತಿ ಅವರ ಬೆನ್ನು ಬಿಟ್ಟಿರಲಿಲ್ಲ.

ಆ ಹಿರಿಯ ಹೆಂಗಸೇ ಅಭಿಷೇಕನ ಅಜ್ಜಿ ರತ್ನಮ್ಮ. ಮೈಗೆ ಎಪ್ಪತ್ತಾರು, ನಾಲಿಗೆಗೆ ಹದಿನಾರು. ಹಿಂದೆ ಫರೀದಾಬಾದಿನ ಒಂದು ಮನೆಯಲ್ಲಿ ಮಲಗಿ, ಬೋಳು ಎಮ್ಮೆಯೊಂದು ಲಿಫ್ಟಿನಲ್ಲಿ ಮೇಲೆ ಬಂದ ಕನಸು ಕಂಡು, ಕೈಗೆ ಬಂದಿದ್ದ ಸಂಬಂಧವನ್ನು ಕಾಫಿ ಆರುವುದರೊಳಗೆ ಮುರಿದು ಬಂದವಳು. ಅವಳು ಬೇಡ ಎಂದರೆ ಅವಳ ಮಗ ಬೇಡ ಎನ್ನುತ್ತಾನೆ. ಅಪ್ಪನ ಮಾತು ಮೀರಿ ಅಭಿಷೇಕ ತಾಳಿ ಕಟ್ಟುವವನಲ್ಲ. ಇದನ್ನು ಅವನೇ ಪ್ರಕೃತಿಗೆ ಹೇಳಿದ್ದ. ಇಬ್ಬರಿಗೂ ಗುಡಗಾಂವಿನ ಒಂದೇ ಆಫೀಸು, ಎರಡು ವರ್ಷದ ಪ್ರೀತಿ. ಹಾಗಾಗಿ ಪ್ರಕೃತಿಯ ತಾಯಿ ಸುಮಿತ್ರಾಳಿಗೆ ಒಂದು ವಾರದಿಂದ ಅನ್ನ ಸೇರುತ್ತಿರಲಿಲ್ಲ. ಮಗಳ ಇಡೀ ಬದುಕು ಒಬ್ಬ ಮುದುಕಿಯ ಗೊರಕೆಯ ಮೇಲೆ ನಿಂತಿತ್ತು.

ರತ್ನಮ್ಮ ಬರಬೇಕಿದ್ದುದು ಭಾನುವಾರ. ಭಾನುವಾರ ತಿಥಿ ಸರಿಯಿಲ್ಲವೆಂದು ಬುಧವಾರವೇ ಆಟೋ ಹತ್ತಿ ಕಿದ್ವಾಯಿ ನಗರದಲ್ಲಿ ಸುಮಿತ್ರಾಳ ಸರಕಾರಿ ಕ್ವಾರ್ಟರ್ಸಿನ ಮುಂದೆ ಬಂದಿಳಿದಳು. ಸುಮಿತ್ರಾಳ ಗಂಡ ಸೋಮಶೇಖರ ಆಫೀಸಿನಲ್ಲಿದ್ದ. ಪ್ರಕೃತಿ ಅರ್ಧ ದಿನ ರಜೆ ಹಾಕಿ ಏದುಸಿರು ಬಿಡುತ್ತ ಬಂದಳು. ಏಪ್ರಿಲ್ ಕೊನೆಯ ವಾರ. ಹಾರುವ ಕಾಗೆ ಬೆಂದು ಬೀಳುವಂಥ ಬಿಸಿಲು.

ರತ್ನಮ್ಮ ಅನ್ನ, ಹುಳಿ, ಕೋಸಂಬರಿ ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡು, ಪಾಯಸಕ್ಕೆ ಬಂದಾಗ ಕೈ ತಡೆದಳು.

"ಪಾಯಸಕ್ಕೆ ಸಕ್ಕರೆ ಹಾಕಿದ್ಯೋ, ಸಕ್ಕರೆಗೆ ಪಾಯಸ ಹಾಕಿದ್ಯೋ, ಸುಮಿತ್ರಾ?"

"ಜಾಸ್ತಿ ಆಯ್ತಾ ಅಮ್ಮ?"

"ಇಲ್ಲ ಬಿಡು. ಹತ್ತು ಇರುವೆ ಕರೆದ್ರೆ ಅವೇ ಎತ್ಕೊಂಡು ಹೋಗಿ ಕೊಡ್ತವೆ, ಬಡಿಸೋ ಕಷ್ಟ ಇಲ್ಲ." ಹಾಗೆಂದು ಮೂರು ಬಟ್ಟಲು ಕುಡಿದಳು. ಮೊಟ್ಟೆ ಹಾಕಿದ್ದಾರೋ ಏನೋ ಎಂದು ಬೇಕರಿ ಬಿಸ್ಕತ್ತನ್ನು ಮಾತ್ರ ತಟ್ಟೆಯ ಸಮೇತ ಆಚೆ ಸರಿಸಿದಳು. "ಎಪ್ಪತ್ತಾರು ವರ್ಷದಿಂದ ಕಾಪಾಡ್ಕೊಂಡ್ ಬಂದಿರೋ ಬಾಯಿ ಕಣಮ್ಮ ಇದು."

ಒಳಕೋಣೆಯ ಮಂಚದ ಮೇಲೆ ಸುಮಿತ್ರಾ ಬಿಳಿ ದುಪ್ಪಟಿ ಹಾಸಿದ್ದಳು. ರತ್ನಮ್ಮ ಹಲ್ಲಿನ ಸೆಟ್ಟು ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕಿ, ತಲೆಯ ಹತ್ತಿರದ ಸ್ಟೂಲಿನ ಮೇಲಿಟ್ಟು ಮಲಗಿದಳು. ಐದು ನಿಮಿಷಕ್ಕೆ ಎದ್ದು ಕೂತಳು.

"ಈ ಫ್ಯಾನು ಒಲೆ ಒಳಗಿಂದ ಗಾಳಿ ತಂದು ಬೀಸ್ತಾ ಇದೆ. ನಾನು ಕನಸು ಕಾಣ್ಲೋ, ಹಪ್ಪಳ ಆಗ್ಲೋ?"

ಕಿಟಕಿಗೆ, ಒದ್ದೆ ಹುಲ್ಲಿನ ಮೂಲಕ ತಂಪು ಗಾಳಿ ಊದುವ, ಎಮ್ಮೆಯಷ್ಟು ದೊಡ್ಡ ತಗಡಿನ ಕೂಲರ್ ಇತ್ತು. ಆದರೆ ದೀಪಾವಳಿಗೆ ಮುಚ್ಚಿಟ್ಟದ್ದು. ಪ್ರತಿ ವರ್ಷ ಹೋಳಿ ಕಳೆದ ಮೇಲೆ ಕೂಲರ್ ಸರಿಮಾಡುವ ಭಯ್ಯಾ ಬಂದು, ಮೂರು ಕಡೆಯ ಹಳೇ ಹುಲ್ಲು ಕಿತ್ತೆಸೆದು, ತೊಟ್ಟಿ ಉಜ್ಜಿ, ಹೊಸ ಹುಲ್ಲು ತುಂಬಿದ ಮೇಲೆಯೇ ಅದರ ಸ್ವಿಚ್ಚಿಗೆ ಕೈ ಹಾಕುವುದು. ಈ ಸಲ ಭಯ್ಯಾ ತಂಗಿಯ ಮದುವೆಗೆಂದು ಊರಿಗೆ ಹೋದವನು ಬಂದಿರಲಿಲ್ಲ. ಶನಿವಾರ ತಾನೇ ಬಿಚ್ಚುತ್ತೇನೆಂದು ಸೋಮಶೇಖರ ಹೇಳಿದ್ದ. ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾದ ಸುಮಿತ್ರಾಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಕನಸಿನ ಒಡತಿ ಮಂಚದ ಮೇಲೆ ಬೆವರುತ್ತಿದ್ದಾಳೆ. ನಾಲ್ಕು ಬಕೆಟ್ ನೀರು ಸುರಿದು, ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದಳು.

ಕೂಲರ್ ಒಮ್ಮೆ ಕೆಮ್ಮಿ, ಗುಡುಗಿ, ಗಾಳಿ ಬಿಟ್ಟಿತು. ಕೊಳೆತ ಹುಲ್ಲಿನ ಕಮಟು ನಾತ ಕೋಣೆ ತುಂಬಿತು.

"ಅಬ್ಬ, ಬೃಂದಾವನ ಕಣೇ," ಎಂದು ರತ್ನಮ್ಮ ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ತಾಯಿ ಮಗಳು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತರು. ಗೊರಕೆ ಕೇಳುತ್ತಿರುವಷ್ಟು ಹೊತ್ತು ಅವರಿಗೆ ಧೈರ್ಯ. ಮೂರು ಗಂಟೆಯ ಹೊತ್ತಿಗೆ ಗೊರಕೆ ತಟ್ಟನೆ ನಿಂತಿತು. ಆಮೇಲೆ ಕೇಳಿಸಿದ್ದು ಬಾವಿಯೊಳಗಿಂದ ಬಂದಂಥ ಒಂದು ಕೂಗು.

ರತ್ನಮ್ಮ ಮಂಚದ ಮೇಲೆ ಕೂತು ಥೂ ಥೂ ಎಂದು ಗಾಳಿಗೆ ಉಗಿಯುತ್ತಿದ್ದಳು. ಬೆಳ್ಳಗಿನ ಕೂದಲು ನೆಟ್ಟಗೆ ನಿಂತಿತ್ತು.

"ಜೇಡ ಕಣೇ. ಒಂದಲ್ಲ, ದಂಡಿಗೆ ದಂಡು. ಕೆನ್ನೆ ಮೇಲೆ ಹತ್ತಿ, ಮೂಗಿನ ಹತ್ರ ನಿಂತು, ಒಳಗೆ ಬರ್ಲಾ ಅಂತ ಕೇಳಿದ ಹಾಗೆ ಕಾಲಾಡಿಸ್ತಾ ಇದ್ವು. ತೆಂಗಿನಕಾಯಿ ಗಾತ್ರದ್ದೊಂದು ತುಟಿ ದಾಟಿ ಬಾಯಿಗೇ ಬಂತು. ಒಸಡಲ್ಲಿ ಕಚಕ್ ಅಂತ ಅಮುಕಿಬಿಟ್ಟೆ. ಕಹಿ ಅಂದ್ರೆ ಕಹಿ. ಇನ್ನೂ ನಾಲಿಗೆ ಮೇಲಿದೆ ಆ ರುಚಿ."

ಸುಮಿತ್ರಾ ಮಂಚದ ಹತ್ತಿರ ಬಂದಳು. "ಅದರ ಅರ್ಥ ಏನಮ್ಮ?"

"ಇನ್ನೇನು. ಗೋಡೆ ಮೇಲೆ ಜೇಡ ಕಂಡ್ರೆ ನೆಂಟರು ಬರ್ತಾರೆ. ತಲೆಗೂದಲಲ್ಲಿ ಕಂಡ್ರೆ ಚಾಡಿ. ಬಾಯಿಗೇ ಬಂತು ಅಂದ್ರೆ ಬರೋ ಸೊಸೆ ಹಿರಿಯರ ಬಾಯಿ ಹೊಲಿಸ್ತಾಳೆ ಅಂತ. ನನ್ನ ಬಾಯಿ ಹೊಲಿದ್ರೆ ಮನೇಲಿ ಇನ್ನೇನು ಉಳೀತು?" ಅವಳು ಸೆರಗು ಸರಿಪಡಿಸಿಕೊಂಡಳು. "ನಿನ್ನ ಮಗಳು ಚೆನ್ನಾಗೇ ಇದ್ದಾಳೆ, ಸುಮಿತ್ರಾ. ಕನಸು ಚೆನ್ನಾಗಿಲ್ಲ. ಫೋನ್ ಎಲ್ಲಿದೆ? ಸುಶೀಲಾಗೆ ಹೇಳ್ಬಿಡ್ತೀನಿ."

ಸುಶೀಲಾ ಎಂದರೆ ಅಭಿಷೇಕನ ತಾಯಿ, ರತ್ನಮ್ಮನ ಸೊಸೆ. ಬಾಗಿಲಲ್ಲಿ ನಿಂತಿದ್ದ ಪ್ರಕೃತಿಯ ಮುಖ ದುಪ್ಪಟಿಗಿಂತ ಬಿಳಿಯಾಯಿತು.

"ಸ್ವಲ್ಪ ಇರಿ ಅಮ್ಮ, ಹಲ್ಲು ಹಾಕ್ಕೊಂಡು ಮಾತಾಡಿ," ಎಂದು ಸುಮಿತ್ರಾ ಹೊತ್ತು ಕಳೆಯಲು ಲೋಟ ತೆಗೆದುಕೊಂಡು ಹಿತ್ತಿಲ ನಲ್ಲಿಗೆ ಹೋದಳು. ಲೋಟ ಬಗ್ಗಿಸಿದಳು. ಗುಲಾಬಿ ಒಸಡಿನ ಹಲ್ಲುಸಾಲಿನ ನಡುವೆ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಉದ್ದ ಕಾಲಿನ ಒಂದು ಜೇಡ, ಅರ್ಧ ಸತ್ತು, ಒಂದು ಕಾಲನ್ನು ಮೆಲ್ಲಗೆ ಮಡಿಸಿ ಬಿಚ್ಚುತ್ತಿತ್ತು. ಬಾಯಿಯೇ ಇಲ್ಲದೆ ಆ ಹಲ್ಲುಗಳು ಅದನ್ನು ಅಗಿಯುತ್ತಿದ್ದಂತೆ ಕಂಡಿತು. ಸುಮಿತ್ರಾ ಲೋಟ ಬಿಟ್ಟಳು. ಮೂರು ತುತ್ತು ಅನ್ನ ತಿಂದಿದ್ದಳು, ಮೂರೂ ಮೋರಿಗೆ ಬಂದವು.

ಬಾಯಿ ತೊಳೆದುಕೊಂಡು ಅವಳು ಕೂಲರಿನ ಹೊರಮೈ ನೋಡಿದಳು. ತಗಡಿನ ಸೀಳುಗಳಿಂದ ಬಲೆ ಜೋಲುತ್ತಿತ್ತು.

"ಮಮ್ಮಿ, ಕ್ಯಾ ಹುವಾ?" ಪ್ರಕೃತಿ ಹಿಂದೆಯೇ ಬಂದಿದ್ದಳು.

"ಕನಸಲ್ಲ ಕಣೇ. ಕೂಲರ್ ಊದಿದ್ದು. ಅವರ ಮೇಲೆ ಊದಿದೆ."

"ಅಚ್ಛಾ? ಹಾಗಾದ್ರೆ ಹೇಳ್ಬಿಡು. ಡ್ರೀಮ್ ಅಲ್ಲ ಅಂದ್ರೆ ಕ್ಯಾನ್ಸಲ್ ಆಗಲ್ಲ ಅಲ್ವಾ?"

ಹೇಳುವುದು ಅಷ್ಟು ಸುಲಭವೇ? ಹೇಳದಿದ್ದರೆ ಸಂಬಂಧ ಹೋಗುತ್ತದೆ. ಹೇಳಿದರೆ, ಬೀಗರ ಮನೆ ಹಿರಿಯಳ ಬಾಯಿಗೆ ಜೇಡ ಬಡಿಸಿದ ಕೊಳಕಿ ಎಂದು ದ್ವಾರಕೆಯಿಂದ ತಿಪಟೂರಿನ ತನಕ ಡಂಗುರ. ಕೊಳಕರ ಮನೆ ಹೆಣ್ಣನ್ನು ಯಾರು ತರುತ್ತಾರೆ? ಸುಮಿತ್ರಾ ಮಗಳ ಮುಖ ನೋಡಿದಳು. ಒಂದು ವಾರದಿಂದ ಹುಡುಗಿ ಕಾಫಿಯಲ್ಲೇ ಬದುಕಿದ್ದಳು. ಕೊಳಕಿ ಅನ್ನಿಸಿಕೊಳ್ಳುವುದು ತಾನು ತಾನೆ, ಅವಳಲ್ಲವಲ್ಲ.

ಅವಳು ಒಳಗೆ ಹೋಗಿ ರತ್ನಮ್ಮನ ಕೈ ಹಿಡಿದಳು. "ಫೋನ್ ಆಮೇಲೆ ಮಾಡಿ. ಒಂದು ನಿಮಿಷ ಬನ್ನಿ, ನಿಮಗೆ ಒಂದು ತೋರಿಸಬೇಕು. ಬೈದ್ರೂ ಪರವಾಗಿಲ್ಲ."

ಹಿತ್ತಿಲಿನಲ್ಲಿ ಅವಳು ಕೂಲರಿನ ಪಕ್ಕದ ತಗಡು ಎಳೆದಳು. ಅದು ಕಿರ್ರೆಂದು ಬಿಚ್ಚಿಕೊಂಡಿತು.

ಹುಲ್ಲು ಹುಲ್ಲಾಗಿ ಉಳಿದಿರಲಿಲ್ಲ. ಆರು ತಿಂಗಳ ಧೂಳು, ಹಲ್ಲಿಯ ಹಿಕ್ಕೆ, ಪಾರಿವಾಳದ ಪುಕ್ಕ ಸೇರಿ, ಮೇಲಿಂದ ನೀರು ಬಿದ್ದು, ಹಳೇ ರೋಗಿಯ ಕಫದಂತೆ ಕಂದು ಬಣ್ಣದಲ್ಲಿ ಗಟ್ಟಿಯಾಗಿ ಇಳಿಯುತ್ತಿತ್ತು. ಬಲೆಗಳು ಒದ್ದೆ ಚಿಂದಿಯಂತೆ ಅಂಟಿದ್ದವು. ಅವುಗಳ ನಡುವೆ ಹತ್ತಿಯುಂಡೆಯಂಥ ಬಿಳಿ ಮೊಟ್ಟೆಚೀಲಗಳು. ಒಂದು ಒಡೆದು, ಅದರಿಂದ ಸಾಸಿವೆಯಷ್ಟು ಸಾಸಿವೆಯಷ್ಟು ಮರಿಗಳು ಚೆಲ್ಲಿ, ತಗಡಿನ ಮೇಲೆ ಕುದಿಯುವ ಗಂಜಿಯ ಹಾಗೆ ಹರಿದಾಡಿದವು. ತೊಟ್ಟಿಯ ನೀರಿನಲ್ಲಿ ಸತ್ತ ಜೇಡಗಳು ಕಾಲು ಮಡಚಿ, ಹೊಟ್ಟೆ ಮೇಲಾಗಿ, ಹುಣಸೆ ಬೀಜದ ಹಾಗೆ ತೇಲುತ್ತಿದ್ದವು. ಫ್ಯಾನಿನ ರೆಕ್ಕೆಗೆ ಅಂಟಿದ್ದೊಂದು ಇನ್ನೂ ಸುತ್ತುತ್ತಿತ್ತು.

"ನೀವು ಕನಸು ಕಾಣಲಿಲ್ಲ ಅಮ್ಮ," ಎಂದಳು ಸುಮಿತ್ರಾ. "ತೊಳೀದೆ ಹಾಕಿದೆ. ತಪ್ಪು ನಂದು. ಮಗಳದ್ದು ಏನೂ ಇಲ್ಲ."

ರತ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಒಸಡಿನ ಮೇಲೆ ನಾಲಿಗೆ ಆಡಿಸಿದಳು.

"ಅಂದ್ರೆ," ಎಂದಳು, "ಆ ಕಚಕ್ ಅಂದಿದ್ದು..."

ಸುಮಿತ್ರಾ ತಲೆ ತಗ್ಗಿಸಿದಳು.

"ಉಗಿದ್ನಾ ನಾನು?"

"ನೀವು ಎದ್ದಾಗ ಉಗೀತಿದ್ರಿ. ಆದ್ರೆ ಏನೂ ಬೀಳಲಿಲ್ಲ."

ರತ್ನಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು, ಒಳಗೆ ಯಾರೋ ಬಾಗಿಲು ತಟ್ಟಿದ ಹಾಗೆ. ಅವಳ ನೋಟ ಒಡೆದ ಮೊಟ್ಟೆಚೀಲದ ಮೇಲೆ ಹೋಗಿ ನಿಂತಿತು. ಮುಖ ಹುಣಸೆಹಣ್ಣಾಯಿತು. ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಪ್ರಕೃತಿ ತಂದ ನೀರಿನಲ್ಲಿ ಹದಿನೆಂಟು ಸಲ ಬಾಯಿ ಮುಕ್ಕಳಿಸಿದಳು. ಉಪ್ಪು ಕೇಳಿದಳು, ಉಜ್ಜಿದಳು. ಅರಿಸಿನ ಕೇಳಿದಳು, ಉಜ್ಜಿದಳು. ನಾಲಿಗೆಯನ್ನು ಸೆರಗಿನಿಂದ ಹಿಡಿದು ಪಾತ್ರೆ ತಿಕ್ಕಿದಂತೆ ತಿಕ್ಕಿದಳು. ಲೋಟದಲ್ಲಿ ಸಿಕ್ಕಿದ್ದರ ಸುದ್ದಿ ಹೇಳಲು ಸುಮಿತ್ರಾಳಿಗೆ ಬಾಯಿ ಬರಲಿಲ್ಲ.

ಎದ್ದು ನಿಂತಾಗ ರತ್ನಮ್ಮನ ಕಣ್ಣಲ್ಲಿ ನೀರಿತ್ತು, ಲೆಕ್ಕಾಚಾರವೂ ಇತ್ತು.

"ಇದು ಯಾರ್ಯಾರಿಗೆ ಗೊತ್ತು?"

"ನಮ್ಮಿಬ್ಬರಿಗೇ."

"ಸುಶೀಲಾಗೆ ಗೊತ್ತಾದ್ರೆ ಮುಗೀತು. ಅವಳು ಮೊಟ್ಟೆ ಕೇಕ್ ತಂದಳು ಅಂತ ಮೂರು ದಿನ ನಾನು ಆ ಅಡುಗೆಮನೆಗೆ ಕಾಲಿಟ್ಟಿಲ್ಲ. ಇನ್ನು ನನ್ನ ಬಾಯಿಗೆ ಜೇಡ, ಜೇಡದ ಮೊಟ್ಟೆ, ಸಂಸಾರವೇ ಹೋಗಿದೆ ಅಂತ ಗೊತ್ತಾದ್ರೆ, ಸಾಯೋ ತನಕ ಎಲೆ ಮುಂದೆ ಕೂತಾಗೆಲ್ಲ, ಅತ್ತೆ ನಿಮಗೆ ಮಾಂಸದ್ದು ಬೇರೆ ಮಾಡ್ಲಾ ಅಂತಾಳೆ."

"ನಾವು ಹೇಳಲ್ಲ ಅಮ್ಮ."

"ಹೇಳೋದೇನು ಬಂತು? ಏನೂ ಆಗಿಲ್ಲ ಕಣೇ. ನಾನು ಕನಸು ಕಂಡೆ ಅಷ್ಟೆ."

ಸುಮಿತ್ರಾ ಹತ್ತಿರ ಬಂದಳು. "ಕನಸು ಅಂದ್ರೆ ಕೆಟ್ಟ ಕನಸಲ್ವಾ? ಸಂಬಂಧ ಬೇಡ ಅಂತೀರ?"

"ಬಾಯಿಗೆ ಬಂದ್ರೆ ಕೆಟ್ಟದ್ದು ಅಂದೆ. ನುಂಗಿದ್ರೆ ಏನು ಅಂತ ಇನ್ನೂ ಹೇಳಿಲ್ಲವಲ್ಲ." ರತ್ನಮ್ಮ ಮತ್ತೊಂದು ಸಲ ಉಗಿದಳು. "ಕೆಟ್ಟದ್ದು ಅಂತ ಸಂಬಂಧ ಬಿಟ್ರೆ, ನಿನ್ನ ಮಗಳು ಸಿಟ್ಟಿಗೆ ಅಭಿಷೇಕನ ಹತ್ರ ಎಲ್ಲ ಒದರ್ತಾಳೆ. ಒದರಲ್ವೇನೇ?"

"ಹಾಂ ಅಜ್ಜಿ," ಎಂದಳು ಪ್ರಕೃತಿ, ಕಣ್ಣು ಮಿಟುಕಿಸದೆ. "ಪಕ್ಕಾ."

"ನೋಡಿದ್ಯಾ. ಬಾಯಿ ಹೊಲಿಸೋಳು ಅಂದಿದ್ದು ಸುಳ್ಳಾ?"

ಹಲ್ಲಿನ ಸೆಟ್ಟನ್ನು ಸುಮಿತ್ರಾ ಬಿಸಿನೀರಲ್ಲಿ ಮೂರು ಸಲ, ಕುದಿಸುವುದೊಂದು ಬಾಕಿಯೆಂಬಂತೆ, ತೊಳೆದು ತಂದುಕೊಟ್ಟಳು. ರತ್ನಮ್ಮ ಅದನ್ನು ಹಾಕಿಕೊಂಡು ಮುಂದಿನ ಕೋಣೆಯ ಫೋನಿನ ಮುಂದೆ ಕೂತಳು.

"ಸುಶೀಲಾ, ಬಿತ್ತು ಕಣೇ ಕನಸು. ಚಿನ್ನದ ಜೇಡ. ತೆಂಗಿನಕಾಯಿ ಏನು, ಕಲ್ಯಾಣ ಮಂಟಪದಷ್ಟು. ಈ ಮನೆ ಸೂರಿಂದ ನಮ್ಮ ಏಳನೇ ಮಹಡಿ ತನಕ ಒಂದೇ ದಾರ ಎಳೀತು. ಆಮೇಲೆ ನನ್ನ ಕೈಗೆ ಪ್ರಸಾದದ ಹಾಗೆ ಬಂತು, ನಾನು ನುಂಗ್ದೆ. ಮನೆ ಕಂಟಕ ಎಲ್ಲ ನುಂಗಿದ ಹಾಗೆ. ರುಚಿನಾ? ಕಲ್ಲುಸಕ್ಕರೆ."

ಕಲ್ಲುಸಕ್ಕರೆ ಎನ್ನುವಾಗ ಅವಳ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂದದ್ದು ಸುಮಿತ್ರಾಳಿಗೆ ಕಂಡಿತು. ರತ್ನಮ್ಮ ರಿಸೀವರನ್ನು ಅವಳ ಕೈಗೆ ತುರುಕಿದಳು.

"ಸುಮಿತ್ರಾ ಅವರೇ," ಆ ಕಡೆಯಿಂದ ಸುಶೀಲಾ ಪಿಸುಗುಟ್ಟಿದಳು, "ನಮ್ಮತ್ತೆ ಹೇಳೋದ್ರಲ್ಲಿ ಮುಕ್ಕಾಲು ಪಾಲು ಒಗ್ಗರಣೆ. ನಿಜವಾಗ್ಲೂ ಜೇಡ ನುಂಗಿದ್ರಾ?"

ರತ್ನಮ್ಮ ಎರಡೂ ಕೈಯಲ್ಲಿ ಮಂಡಿ ಹಿಡಿದು ಅವಳನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ಪ್ರಕೃತಿ ಉಗುರು ಕಡಿಯುತ್ತಿದ್ದಳು. ಸುಮಿತ್ರಾ ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ನುಂಗಿದ್ರು," ಎಂದಳು. "ನಾನೇ ಪಕ್ಕದಲ್ಲಿದ್ದೆ. ನಿದ್ದೇಲಿ ಬಾಯಿ ಚಪ್ಪರಿಸ್ತಾ ಇದ್ರು."

"ಸರಿ ಹಾಗಾದ್ರೆ. ಮುಂದಿನ ತಿಂಗಳು ಒಂದು ಒಳ್ಳೇ ದಿನ ನೋಡೋಣ," ಎಂದಳು ಸುಶೀಲಾ.