ದನಿ ಕಾಯುವ ದಿನ

ಕರುಣಾ ಹೈದರಾಬಾದಿನ ರೈಲಿನಿಂದ ವಾಡಿಯಲ್ಲಿ ಇಳಿದಾಗ ದ್ರೌಪದಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಹೆಂಗಿದ್ದಿ ಯವ್ವಾ?" ಎಂದಳು. ಮಗಳು ನಕ್ಕು ಗಂಟಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಮಾತು ಬರಲಿಲ್ಲ.

"ಗಂಟಲ ಬಾತದಂತ," ಎಂದ ಧರ್ಮಣ್ಣ, ಮಗಳ ಚೀಲ ಎತ್ತಿಕೊಳ್ಳುತ್ತ. ಅಪ್ಪನಿಗೆ ಅವಳು ಫೋನಿನಲ್ಲಿ ಮೊದಲೇ ಬರೆದು ತಿಳಿಸಿದ್ದಳು. "ಮುಂಬೈದಾಗ ಸ್ಟೇಜ್ ಹತ್ತೋ ತನಕ ಮಾತಾಡಬ್ಯಾಡಂದಾರ ಡಾಕ್ಟರು."

"ಮಾತು ಬ್ಯಾಡ. ಹಾಡು?"

"ಹುಚ್ಚಿ, ಮಾತಽ ಬ್ಯಾಡಂದ್ರ ಹಾಡೆಲ್ಲಿಂದ ಬರ್ತದ?"

ದ್ರೌಪದಿ ಮಗಳ ಕೈ ಹಿಡಿದು ಮುಂದೆ ನಡೆದಳು.

ಚಿಕ್ಕಂದಿನಲ್ಲಿ ರೈಲ್ವೆ ಕ್ವಾರ್ಟರ್ಸಿನ ಹತ್ತಿರದ ಚರ್ಚಿಗೆ ಕ್ರಿಸ್ಮಸ್ ಹಾಡು ಕೇಳಲು ಹೋಗಿದ್ದ ಕರುಣಾ ಬಾಗಿಲಲ್ಲೇ ನಿಂತು ದನಿ ಕೂಡಿಸಿದ್ದಳು. ಪಿಯಾನೊ ನುಡಿಸುತ್ತಿದ್ದ ಟೀಚರು ಅವಳನ್ನು ಒಳಗೆ ಕರೆದುಕೊಂಡರು. ಮುಂದೆ ಚೆನ್ನೈ, ಆಮೇಲೆ ಇಟಲಿ. ಒಪೆರಾ ಅಂದರೆ ಏನೆಂದು ಓಣಿಯವರು ಕೇಳಿದರೆ ದ್ರೌಪದಿ, "ನಮ್ಮ ದೊಡ್ಡಾಟ ಇದ್ದಂಗ. ಆದ್ರ ಮೈಕ್ ಇರಂಗಿಲ್ಲ. ಬರೀ ಗಂಟಲಲೇ ಕಡೀ ಸಾಲಿಗೆ ಮುಟ್ಟಿಸಬೇಕು," ಎನ್ನುತ್ತಿದ್ದಳು. ಆ ಕಷ್ಟ ಅವಳಿಗೆ ಗೊತ್ತು. ತವರಿನ ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ ಹಾಡು ಎತ್ತುತ್ತಿದ್ದವಳು ಅವಳೇ. ಹೊಲದ ಆಚೆ ಬದುವಿನವರೂ ಕೇಳಿ ತಿರುಗಿ ಸೊಲ್ಲು ಹೇಳಬೇಕಿತ್ತು.

ಸಣ್ಣಪುಟ್ಟ ಪಾತ್ರ ಮಾಡುತ್ತ ಬಂದ ಕರುಣಾ ಈಗ ಮುಂಬೈಯಲ್ಲಿ ಮೊದಲ ಸಲ ನಾಯಕಿ. ಹೋಗುವ ದಾರಿಯಲ್ಲಿ ಒಂದು ದಿನ ಇಳಿದು, ಮನೆಯಲ್ಲಿ ಕೂತು ಹಾಡುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದಳು. ಫೋನಿನಲ್ಲಿ ದ್ರೌಪದಿ ಬೇಕಾದಷ್ಟು ಕೇಳಿದ್ದಳು. ಅದರಲ್ಲಿ ಮಗಳ ದನಿ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗಿತ್ತು. ಎದುರಿಗೆ ಕೂತು, ನಡುವೆ ಏನೂ ಇಲ್ಲದೆ, ಒಮ್ಮೆ ಕೇಳಬೇಕು. ಎಷ್ಟೋ ವರ್ಷದಿಂದ ಇದ್ದದ್ದು ಅದೊಂದೇ ಆಸೆ.

ಸಂಜೆ ಪಕ್ಕದ ಮನೆಯ ಬಿಬಿಜಾನ್ ಬಂದು ಹೊಸ್ತಿಲಲ್ಲೇ ಕೂತಳು. "ಏನಬೇ ಕರುಣಾ, ನಾಲಿಗಿ ಇಟಲಿದಾಗ ಮರ್ತು ಬಂದೇನು? ನಿಮ್ಮವ್ವ ಓಣಿಗೆಲ್ಲ ಹೇಳ್ಯಾಳ, ನನ್ನ ಮಗಳು ಹಾಡ್ತಾಳ ಬರ್ರಿ ಅಂತ."

ಕರುಣಾ ಸದ್ದಿಲ್ಲದೆ ಭುಜ ಕುಣಿಸಿ ನಕ್ಕಳು. ದ್ರೌಪದಿಗೆ ಆ ನಗೆಯ ಸದ್ದಾದರೂ ಬೇಕಾಗಿತ್ತು.

ಬೆಳಿಗ್ಗೆ ಅವಳು, ಮಗಳ ಜೊತೆ ಮನೆಯ ಖಾರದಪುಡಿ ಕಟ್ಟಿ ಕಳಿಸೋಣವೆಂದು ಒಣಮೆಣಸಿನಕಾಯಿ ಹುರಿಯಲು ಕೂತಳು. ಊರಿಗೆ ಹೋಗುವ ಮಗಳನ್ನು ಬರಿಗೈಯಲ್ಲಿ ಕಳಿಸಿದವರುಂಟೇ? ಘಾಟು ಏಳುವವರೆಗೂ ಅವಳಿಗೆ ಬೇರೇನೂ ತೋಚಲೇ ಇಲ್ಲ. ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಒಂದಲ್ಲ, ಬಿಟ್ಟೂಬಿಡದೆ. ಕರುಣಾ ಹಿತ್ತಲಿಗೆ ಓಡಿ ಗೋಡೆ ಹಿಡಿದು ಬಾಗಿದಳು.

ದ್ರೌಪದಿ ಬಾಣಲಿ ಎತ್ತಿ ಹೊರಗೆ ಬಿಸಾಡಿ ನೀರು ತಂದಳು. "ನನ್ನ ಕೈಗೆ ಹಾವು ಕಡೀಲಿ! ಕುಡಿ, ಯವ್ವಾ, ಸಾವಕಾಶ ಕುಡಿ. ಹೋತೇನು ದನಿ? ನಾನಽ ಕೆಡಿಸಿದೆನೇನು?"

ಕೆಮ್ಮು ನಿಂತಿತು. ಕರುಣಾ ತಲೆಯಾಡಿಸಿ ಇಲ್ಲವೆಂದಳು. ಅವ್ವ ನಂಬಲಿಲ್ಲ, ಕಣ್ಣೀರು ನಿಲ್ಲಲಿಲ್ಲ. ಆಗ ಕರುಣಾ ನೇರ ನಿಂತಳು. ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡಳು. ಬಾಯಿ ತೆರೆದಳು.

ಹಾಡು ಎತ್ತುವವರ ಉಸಿರು ಅದು. ಗುರುತಿಸಲು ದ್ರೌಪದಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಇನ್ನೊಂದು ಗಳಿಗೆ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವಳು ನುಗ್ಗಿ ಕೈ ಎತ್ತಿದಳು, ಖಾರದ ಕೈ ಎಂದು ನೆನಪಾಗಿ ಸೆರಗು ಎಳೆದು ಅದರಿಂದಲೇ ಮಗಳ ಬಾಯಿ ಒತ್ತಿ ಹಿಡಿದಳು.

"ಬ್ಯಾಡ. ನನಗೋಸ್ಕರ ಬ್ಯಾಡ."

ಬಿಸಿ ಉಸಿರು ಮಾತ್ರ ಬಟ್ಟೆ ದಾಟಿ ಅಂಗೈಗೆ ತಾಗಿತು.

ಮಧ್ಯಾಹ್ನ ರೈಲು ಹೋಯಿತು. ಬಿಬಿಜಾನ್ ಕಾಯ್ದುಕೊಂಡೇ ಇದ್ದಳು. "ಹೋಗೋಮುಂದ ಒಂದು ಸಾಲರ ಹಾಡಿದ್ಳೇನು?"

"ಹಾಡ್ತಿದ್ಳು. ನಾನಽ ಬಾಯಿ ಮುಚ್ಚಿದೆ."

"ಯಾ ಅಲ್ಲಾ! ವರ್ಷಗಟ್ಲೆ ಅದಽ ಬೇಕಂತಿದ್ದಿ!"

"ಅಲ್ಲಿ ಅಷ್ಟು ಮಂದಿ ಟಿಕೆಟ್ ತಗೊಂಡು ಕುಂದರ್ತಾರ. ಮೊದಲ ಅವ್ರು ಕೇಳ್ಲಿ," ಎಂದಳು ದ್ರೌಪದಿ. "ನಾ ಆಮ್ಯಾಲ ಕೇಳ್ತೀನಿ."

ಆಮೇಲೆ ಅಂದರೆ ಯಾವಾಗ ಎಂದು ಬಿಬಿಜಾನ್ ಕೇಳಲಿಲ್ಲ.